ಜಿಡ್ಡಿಲ್ಲದ ಒಳಲೆ

ಡಾಕ್ಟರ್ ರಂಗನಾಯಕಿ ಒಳಲೆಯೊಳಗೆ ಬೆರಳು ಹಾಕಿ ಸುತ್ತಿಸಿದರು. ಹಿತ್ತಾಳೆಯದು, ಎಳೆಮಗುವಿನ ಬಾಯಿಗೆ ಹಾಲು ಬಿಡಲು ಮೂತಿ ಚಾಚಿದ ಪುಟ್ಟ ಬಟ್ಟಲು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. ಆಮೇಲೆ ಎದುರಿಗೆ ನಿಂತ ಮುದುಕಿಯನ್ನು ನೋಡಿದರು.

“ಇದರಲ್ಲಿ ಯಾವಾಗ ಹಾಲು ಕುಡಿಸಿದ್ದು?”

“ಈಗ್ತಾನೆ ಡಾಕ್ಟ್ರಮ್ಮ. ಕುಡ್ಸಿ, ತೊಳ್ಕೊಂಡು ತಂದೆ.”

“ಏನು ಹಾಕಿ ತೊಳೆದೆ?”

“ನೀರು. ಇನ್ನೇನು ಹಾಕ್ಲಿ?”

“ಹಾಲು ಕಂಡ ಒಳಲೆ ಬರೀ ನೀರಿಗೆ ಹೀಗಾಗಲ್ಲ. ಚೂರೂ ಜಿಡ್ಡಿಲ್ಲ. ಮಗುವಿನ ಹಾಲು ಎಲ್ಲಿಗೆ ಹೋಗ್ತಿದೆ, ದ್ರೌಪದಮ್ಮ?”

ಪ್ರಶ್ನೆ ಅರ್ಥವಾಗಲು ದ್ರೌಪದಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ತಕ್ಕಡಿಯ ಮೇಲಿದ್ದ ಮೊಮ್ಮಗಳನ್ನು ಎತ್ತಿಕೊಂಡು ಸೆರಗು ಮುಚ್ಚಿದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು ತನ್ನ ಚೊಂಬನ್ನು ಅವಳಿಂದ ದೂರ ಸರಿಸಿಟ್ಟುಕೊಂಡಳು.

ಮಗುವಿನ ಹೆಸರು ಚಿಕ್ಕಮುನಿಯಮ್ಮ. ಮಗುವಿಗಿಂತ ಹೆಸರೇ ಭಾರ. ಕಳೆದ ವರ್ಷದ ಇನ್‌ಫ್ಲುಯೆಂಜಾದಲ್ಲಿ ತಾಯಿ ಅದನ್ನು ಹೆತ್ತ ವಾರವೇ ಸತ್ತಳು. ಈ ದಸರಾ ಹೊತ್ತಿಗೆ ಅದು ಕೂತು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಈಗ ಕಾರ್ತಿಕದ ಕೊನೆ. ಕೂರಿಸಿದರೆ ಪಕ್ಕಕ್ಕೆ ವಾಲುತ್ತದೆ. ತೊಡೆಯ ಚರ್ಮ ಸಡಿಲ ಚೀಲದಂತೆ ಜೋಲುತ್ತದೆ. ಅಳಲು ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ.

ಚಾಮರಾಜಪೇಟೆಯ ಶಿಶು ಕ್ಷೀರಶಾಲೆ ಇಂಥ ಮಕ್ಕಳಿಗೆ ಪುಕ್ಕಟೆ ಹಾಲು ಕೊಡಲೆಂದೇ ಹುಟ್ಟಿದ್ದು. ಯುದ್ಧ ಮುಗಿದು ವರ್ಷವಾದರೂ ಬೆಲೆ ಇಳಿದಿರಲಿಲ್ಲ. ದ್ರೌಪದಮ್ಮ ಸಿದ್ದಿಕಟ್ಟೆಯಲ್ಲಿ ಸೊಪ್ಪು ಮಾರುವವಳು. ಪೇಟೆಯಲ್ಲಿ ಒಂದು ಸೇರು ಹಾಲು ಕೊಳ್ಳಬೇಕಾದರೆ ಅವಳ ಬುಟ್ಟಿಯೆಲ್ಲ ಖಾಲಿಯಾಗಬೇಕು. ಆಮೇಲೆ ಅವಳು ಉಪವಾಸ ಮಲಗಬೇಕು. ರಾಗಿ ಸರಿ ಕಾಯಿಸಿ ಕುಡಿಸೋಣವೆಂದರೆ ರಾಗಿಯೂ ಕೈಗೆ ಹತ್ತುವಂತಿರಲಿಲ್ಲ. ಕ್ಷೀರಶಾಲೆಯ ಹಾಲು ನಿಂತರೆ ಮಗು ನಿಲ್ಲುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗೊತ್ತಿದ್ದೂ ಕಾರ್ಯದರ್ಶಿ ಪರಮಶಿವಯ್ಯ ಮುಂದೆ ಬಂದರು. ಚಿಕ್ಕಪೇಟೆಯ ಜವಳಿ ವ್ಯಾಪಾರಿ, ಕ್ಷೀರಶಾಲೆ ನಡೆಯುವ ಛತ್ರದ ಯಜಮಾನರು. ಬೆಳ್ಳಿಯ ಡಬ್ಬಿ ತೆರೆದು ಒಂದು ಚಿಟಿಕೆ ನಶ್ಯ ಏರಿಸಿದರು, ಮೂಗು ಒರೆಸಿಕೊಂಡರು. ಮಕ್ಕಳ ಹಾಲನ್ನು ಕಾಫಿ ಹೋಟೆಲಿಗೆ ಮಾರಿಕೊಳ್ಳುವವರಿಗೆ ಇಲ್ಲಿ ಜಾಗವಿಲ್ಲ ಎಂದರು. ಸೋಮವಾರ ಸಂಜೆ ಕಮಿಟಿ ಸೇರುತ್ತದೆ. ಅಂದಿಗೆ ಈ ಮಗುವಿನ ಹೆಸರು ಹೊಡೆದುಹಾಕುವುದು.

“ನಾನು ಮಾರಿಲ್ಲ ಬುದ್ಧಿ,” ಎಂದಳು ದ್ರೌಪದಮ್ಮ.

“ಲಕ್ಕಮ್ಮನೂ ಹಾಗೇ ಅಂದಳು.”

ದೀಪಾವಳಿ ಕಳೆದ ವಾರ ಸತ್ತದ್ದು ಲಕ್ಕಮ್ಮನ ಮಗು. ಆಗಲೂ ತಾಯಿಯೇ ಹಾಲು ಕುಡಿದುಬಿಟ್ಟಳೆಂದು ಇದೇ ಜಗಲಿಯ ಮೇಲೆ ತೀರ್ಮಾನವಾಗಿತ್ತು.

*

ಏಕಾಂತಯ್ಯ ಪೊಲೀಸು ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಛತ್ರದ ಎದುರು ಸಾಲಿನಲ್ಲೇ ಅವರ ಮನೆ. ರಂಗನಾಯಕಿ ಅವರನ್ನು ಹುಡುಕಿಕೊಂಡು ಹೋದದ್ದು ಮುದುಕಿಯನ್ನು ಉಳಿಸುವುದಕ್ಕಲ್ಲ. ಹಾಲನ್ನು ಯಾರಿಗೆ ಮಾರುತ್ತಿದ್ದಾಳೆಂದು ಪತ್ತೆಮಾಡಿ ಕೊಡಿ, ಕಮಿಟಿಯ ಮುಂದೆ ಇಡುವುದಕ್ಕೆ ಪುರಾವೆ ಬೇಕು ಎಂದು ಕೇಳಿದರು.

“ಹಾಲು ಚೆನ್ನಾಗಿದೆಯೆಂದು ಹೇಗೆ ಗೊತ್ತು?” ಏಕಾಂತಯ್ಯ ಕೇಳಿದರು.

“ಮೀಟರಿದೆ. ಗಾಜಿನದು. ಹಾಲಿಗೆ ನೀರು ಬೆರೆಸಿದರೆ ಅದು ಕೆಳಕ್ಕೆ ಮುಳುಗತ್ತೆ. ಸಂಜೆ ಕರೆದ ಕೂಡಲೇ ನೋಡ್ತೀನಿ, ಬೆಳಿಗ್ಗೆ ಹಂಚೋಕೆ ಮುಂಚೆ ಇನ್ನೊಂದು ಸಲ ನೋಡ್ತೀನಿ. ಎರಡು ಸಲವೂ ಅದೇ ಗೆರೆ. ಒಂದು ದಿನವೂ ತಪ್ಪಿಲ್ಲ.”

“ಒಂದು ದಿನವೂ?”

“ಒಂದು ದಿನವೂ.”

“ಹಾಗಾದರೆ ಮುದುಕಿ ಕಳ್ಳಿಯೇ,” ಎಂದರು ಏಕಾಂತಯ್ಯ. ಅವರ ದನಿಯಲ್ಲಿ ಒಪ್ಪಿಗೆಯಿತ್ತೋ ಇಲ್ಲವೋ ಡಾಕ್ಟರಿಗೆ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಏಕಾಂತಯ್ಯ ದ್ರೌಪದಮ್ಮನ ಬೆನ್ನಿಗೇ ಹೊರಟರು. ಛತ್ರದಿಂದ ಅವಳ ಗುಡಿಸಲಿನವರೆಗೂ ಚೊಂಬಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳು ಹಾಲು ಬೆಚ್ಚಗೆ ಮಾಡಿದಳು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು, ಒಳಲೆಯಲ್ಲಿ ಕೊನೆಯ ಹನಿಯವರೆಗೂ ಕುಡಿಸಿದಳು. ಮಗು ಆತುರಾತುರವಾಗಿ ಕುಡಿಯಿತು. ಕುಡಿದಾದ ಮೇಲೂ ಒಳಲೆಯ ಮೂತಿ ಬಿಡಲಿಲ್ಲ. ಅವಳು ಎರಡು ಸಲ ನೀರು ಕುಲುಕಿ ಚೆಲ್ಲಿ ಒಳಲೆಯನ್ನು ಅವರ ಕೈಗೆ ಕೊಟ್ಟಳು.

“ನೋಡಿ ಸ್ವಾಮಿ. ನೀವೂ ಬೆರಳಿಟ್ಟು ನೋಡ್ಬಿಡಿ.”

ಏಕಾಂತಯ್ಯ ಬೆರಳಿಟ್ಟರು. ನೀರಿನ ಚೊಂಬು ಮುಟ್ಟಿದ ಹಾಗಿತ್ತು. ಜಿಡ್ಡಿರಲಿಲ್ಲ.

ಅವರು ಒಳಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು— ಮೊದಲೂ ಹೀಗೇ ಇತ್ತೇ?

ಇರಲಿಲ್ಲ, ಎಂದಳು ಮುದುಕಿ. ದಸರಾವರೆಗೆ ಬೂದಿ ಹಾಕಿ ಉಜ್ಜದಿದ್ದರೆ ಒಳಲೆ ತೊಳೆದಂತೆಯೇ ಆಗುತ್ತಿರಲಿಲ್ಲ. ಆಗ ಹಾಲು ಸಂಜೆಯೇ ಕೊಡುತ್ತಿದ್ದರು, ಕರೆದ ಬಿಸಿ ಆರುವ ಮುಂಚೆ. ಈಗ ಬೆಳಿಗ್ಗೆ ಕೊಡುತ್ತಾರೆ.

“ಇದನ್ನ ಯಾರಿಗಾದರೂ ಹೇಳಿದೆಯೇನಮ್ಮ?”

“ಹಾಲು ತೆಳ್ಳಗೈತೆ ಅಂತ ಎಲ್ಲ ಹೆಂಗಸ್ರೂ ಹೇಳಿದ್ವಿ. ಯಜಮಾನ್ರು ‘ಬಿಟ್ಟಿ ಹಾಲಿಗೆ ಇಷ್ಟು ನಾಲ್ಗೆಯಾ’ ಅಂದ್ರು. ಸುಮ್ನಾದ್ವಿ.”

*

ಹಾಲು ಹಾಕುವವನು ಮುನಿರಾಮಪ್ಪ. ಸಂಜೆ ಹಸುಗಳನ್ನು ಛತ್ರದ ಅಂಗಳಕ್ಕೇ ಹೊಡೆದುಕೊಂಡು ಬಂದು ಡಾಕ್ಟರ ಕಣ್ಣೆದುರಿಗೇ ಕರೆಯುವುದು ಮೊದಲಿನಿಂದ ಬಂದ ಏರ್ಪಾಡು. ಅವನು ಖಾಲಿ ತಂಬಿಗೆ ಬೋರಲು ಹಾಕಿ ತೋರಿಸಿ ಕೂರುತ್ತಿದ್ದ. ಏಕಾಂತಯ್ಯ ಆ ಸಂಜೆ ಕೆಚ್ಚಲಿನಿಂದ ನೇರ ಒಂದು ಬಟ್ಟಲು ಹಾಲು ಹಿಡಿಸಿ, ಕುಡಿದು, ಬಟ್ಟಲನ್ನು ನೀರಲ್ಲಿ ತೊಳೆದರು. ಬೆರಳು ಜಾರಿತು.

ಹಾಲಿನಲ್ಲಿ ತಪ್ಪಿಲ್ಲ. ಮುದುಕಿಯಲ್ಲಿ ತಪ್ಪಿಲ್ಲ. ನಡುವೆ ಒಂದು ರಾತ್ರಿ.

“ರಾತ್ರಿ ಹಾಲು ಎಲ್ಲಿರತ್ತೆ?” ಅವರು ಡಾಕ್ಟರನ್ನು ಕೇಳಿದರು.

“ಪೂಜೆ ಮನೆಯಲ್ಲಿ. ಕಾಯಿಸಿ, ಅಗಲ ಹರಿವಾಣಗಳಲ್ಲಿ ಹಾಕಿ ಇಡ್ತಾರೆ. ಲಿಂಗಕ್ಕೆ ಅರ್ಪಿಸದೆ ಮಕ್ಕಳಿಗೆ ಕೊಡಬಾರದು ಅಂತ ಯಜಮಾನರು ದಸರಾ ಕಳೆದ ಮೇಲೆ ಈ ಪದ್ಧತಿ ಮಾಡಿದ್ದು. ಈ ಚಳಿಗೆ ಕೆಡಲ್ಲ, ನಾನೂ ಒಪ್ಪಿದೆ.”

“ಒಳಗೆ ಯಾರು ಹೋಗ್ತಾರೆ?”

“ಅವರೊಬ್ಬರೇ. ಮಡಿ. ಬೀಗದ ಕೈಯೂ ಅವರ ಹತ್ತಿರವೇ ಇರತ್ತೆ.” ಡಾಕ್ಟರು ಬೇಸರಪಟ್ಟರು. “ಏಕಾಂತಯ್ಯನವರೇ, ನೀವು ಯಾರ ಮೇಲೆ ಸಂಶಯ ಪಡ್ತಿದೀರಿ? ಅವರು ಛತ್ರ ಬಿಟ್ಟುಕೊಟ್ಟಿದ್ದಾರೆ. ಹಾಲನ್ನು ಕದ್ದರೆ ಕಡಿಮೆಯಾಗಬೇಕು, ಕಡಿಮೆಯಾಗಿಲ್ಲ. ನೀರು ಸೇರಿಸಿದರೆ ಮೀಟರು ಹೇಳಬೇಕು, ಹೇಳಿಲ್ಲ.”

“ಹೌದು,” ಎಂದರು ಏಕಾಂತಯ್ಯ. “ಅದೇ ನನಗೂ ತೊಂದರೆ.”

ಅಂದೇ ಅವರು ಎರಡು ಕೆಲಸ ಮಾಡಿದರು. ಚಿಕ್ಕಮುನಿಗೆ ಬೇಕಾದಷ್ಟು ಹಾಲನ್ನು ಕೆಚ್ಚಲಿನಿಂದ ನೇರ, ತಮ್ಮ ಖರ್ಚಿನಲ್ಲಿ, ಮುದುಕಿಯ ಚೊಂಬಿಗೆ ಕರೆದುಕೊಡಲು ಮುನಿರಾಮಪ್ಪನಿಗೆ ಹೇಳಿದರು. ಇನ್ನೊಂದು ವಿಚಿತ್ರವಾಗಿತ್ತು. ಸಿದ್ದಿಕಟ್ಟೆಯಲ್ಲಿ ಮಾರಾಟವಾಗದೆ ಉಳಿಯುವ ಈರುಳ್ಳಿ ಸೊಪ್ಪನ್ನೆಲ್ಲ ದ್ರೌಪದಮ್ಮ ದಿನವೂ ಮುನಿರಾಮಪ್ಪನ ಕೊಟ್ಟಿಗೆಗೆ ಹೊರಬೇಕು. ಹಸುಗಳು ಸೋಮವಾರದವರೆಗೆ ಅದನ್ನೇ ಮೇಯಬೇಕು.

ಮುನಿರಾಮಪ್ಪ ತಲೆ ಕೆರೆದುಕೊಂಡ. “ಹಾಲೆಲ್ಲ ಗಬ್ಬು ನಾತ ಹೊಡೀತದೆ ಸ್ವಾಮಿ. ನನ್ನನ್ನ ಬೈತಾರೆ.”

“ಬೈಯಲಿ.”

“ಮಕ್ಕಳ್ಗೆ ಏನಾರಾ ಆದ್ರೆ?”

“ಈರುಳ್ಳಿಯಿಂದ ಏನೂ ಆಗಲ್ಲ. ಆಗೋದು ಆಗಲೇ ಆಗ್ತಿದೆ.”

ಶನಿವಾರ ಬೆಳಿಗ್ಗೆ ಸಾಲಿನಲ್ಲಿದ್ದ ಹೆಂಗಸರು ಚೊಂಬು ಮೂಸಿ ಮುಖ ಕಿವುಚಿದರು. ಒಬ್ಬಳು ಧೈರ್ಯ ಮಾಡಿ, ಹಾಲು ಈರುಳ್ಳಿ ನಾತ ಹೊಡೆಯುತ್ತಿದೆಯೆಂದು ಪರಮಶಿವಯ್ಯನವರಿಗೇ ಹೇಳಿದಳು. ಅವರು ಚೊಂಬನ್ನು ಮೂಗಿನ ಹತ್ತಿರ ತಂದರು, ಕೆಳಗಿಟ್ಟರು, ನಶ್ಯದ ಡಬ್ಬಿ ತೆಗೆದರು.

“ಎಂಥ ನಾತ? ನನಗೇನೂ ಬರ್ತಿಲ್ಲ. ನಿಮ್ಮ ಚೊಂಬು ತೊಳ್ಕೊಂಡು ಬನ್ನಿ.”

ಜಗಲಿಯ ಮೂಲೆಯಲ್ಲಿ ಕೂತಿದ್ದ ಏಕಾಂತಯ್ಯ ಅದನ್ನು ಕೇಳಿ ಎದ್ದು ಮನೆಗೆ ಹೋದರು. ಸೋಮವಾರದವರೆಗೆ ಛತ್ರದ ಕಡೆ ತಲೆ ಹಾಕಲಿಲ್ಲ.

*

ಕಡೇ ಕಾರ್ತಿಕ ಸೋಮವಾರ. ಪೇಟೆಯ ಓಣಿಯೊಂದರ ಬಸವಣ್ಣನ ಗುಡಿ ಜನರಿಂದ ತುಂಬಿತ್ತು. ಕಾರ್ತಿಕದ ಸೋಮವಾರಗಳಲ್ಲಿ ಅಲ್ಲಿ ಬೆಣ್ಣೆಯ ಅಲಂಕಾರ. ಕಡೇ ಸೋಮವಾರ ಕೊಂಬಿನಿಂದ ಗೊರಸಿನವರೆಗೆ. ಆ ಸೇವೆ ಪರಮಶಿವಯ್ಯನವರ ಅಜ್ಜನ ಕಾಲದಿಂದ ಅವರ ಮನೆತನದ್ದು. ಕಮಿಟಿಯ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿದ್ದರು. ಇಲ್ಲಿಂದ ನೇರ ಸಭೆಗೆ ಹೋಗುವವರು. ಏಕಾಂತಯ್ಯ ಡಾಕ್ಟರನ್ನು ಕರೆದುಕೊಂಡು ಬಂದು ಒಳಗೆ ನಿಂತರು. ಮುನಿರಾಮಪ್ಪ ಮತ್ತು ದ್ರೌಪದಮ್ಮ ಮೆಟ್ಟಿಲ ಕೆಳಗೆ ನಿಂತರು. ಮಗು ಮುದುಕಿಯ ಸೊಂಟದ ಮೇಲಿತ್ತು.

ಅರ್ಚಕ ವೀರಭದ್ರಯ್ಯ ಬಸವಣ್ಣನ ಹೆಗಲಿಗೆ ಬೆಣ್ಣೆ ಮೆತ್ತುತ್ತಿದ್ದರು. ನಡುವೆ ಕೈ ನಿಲ್ಲಿಸಿದರು. ಬೆರಳು ಮೂಸಿದರು. ಇನ್ನೊಂದು ಸಲ ಮೂಸಿದರು. ಆಮೇಲೆ ಉಂಡೆಯನ್ನು ತಟ್ಟೆಗೆ ಹಾಕಿ ಹಿಂದಕ್ಕೆ ಸರಿದರು.

“ಯಜಮಾನರೇ, ಈ ಬೆಣ್ಣೆ ಎಲ್ಲಿಯದು?”

“ಯಾಕೆ?”

“ಈರುಳ್ಳಿ ವಾಸನೆ.”

ಗುಡಿಯಲ್ಲಿ ಗುಸುಗುಸು ಎದ್ದಿತು. ದೇವರ ಮೈಮೇಲೆ ಈರುಳ್ಳಿ. ಮುಂದಿದ್ದವರು ಬಗ್ಗಿ ಮೂಸಿದರು, ಹಿಂದಿದ್ದವರು ಅವರ ಮುಖ ನೋಡಿದರು. ಪರಮಶಿವಯ್ಯ ಕೆಂಪಾದರು. ಬೆಣ್ಣೆಯನ್ನು ಮಡಿಯಲ್ಲಿ ತಮ್ಮ ಕೈಯಾರೆ ಕಡೆದದ್ದು, ಇನ್ನೊಬ್ಬರ ನೆರಳೂ ಅದರ ಮೇಲೆ ಬಿದ್ದಿಲ್ಲ ಎಂದರು.

“ಯಾರೂ ಮುಟ್ಟಿಲ್ಲ?” ಏಕಾಂತಯ್ಯ ಮುಂದೆ ಬಂದರು.

“ಯಾರೂ ಇಲ್ಲ.”

“ಹಾಲು ಯಾವ ಹಸುವಿನದು?”

“ನಮ್ಮ ಮನೆಯದು. ನಿಮಗ್ಯಾಕೆ?”

ಮೆಟ್ಟಿಲ ಕೆಳಗಿಂದ ಮುನಿರಾಮಪ್ಪನ ದನಿ ಬಂತು. “ನಿಮ್ಮ ಹಸು ಗಬ್ಬ ಅಲ್ವಾ ಬುದ್ಧಿ? ದಸರಾದಲ್ಲೇ ಬತ್ತೋಯ್ತಲ್ಲ, ನಾನೇ ಬಂದು ನೋಡಿದ್ನಲ್ಲ.”

ಪರಮಶಿವಯ್ಯ ಅತ್ತ ತಿರುಗಲಿಲ್ಲ. ಹಾಗಾದರೆ ಪೇಟೆಯಲ್ಲಿ ಹಾಲು ಕೊಂಡಿರಬೇಕು, ಆಳುಗಳು ತಂದಿರಬೇಕು ಎಂದು ತೊದಲಿದರು.

“ಈಗಷ್ಟೇ ಯಾರ ನೆರಳೂ ಬಿದ್ದಿಲ್ಲ ಅಂದಿರಿ,” ಎಂದರು ಏಕಾಂತಯ್ಯ. “ಇರಲಿ. ಈ ಊರಲ್ಲಿ ಐದು ದಿನದಿಂದ ಈರುಳ್ಳಿ ಸೊಪ್ಪು ಬಿಟ್ಟು ಬೇರೇನೂ ಮೇಯದ ಹಸುಗಳು ಒಬ್ಬನ ಹತ್ತಿರ ಮಾತ್ರ ಇವೆ. ಮುನಿರಾಮಪ್ಪನ ಹತ್ತಿರ. ಮೇಯಿಸಿದ್ದು ನಾನು. ಅವುಗಳ ಹಾಲು ಹೋಗೋದು ಒಂದೇ ಜಾಗಕ್ಕೆ. ಕ್ಷೀರಶಾಲೆಗೆ.”

ಎಣ್ಣೆದೀಪಗಳು ಚಟಪಟ ಎನ್ನುತ್ತಿದ್ದವು.

“ಆದರೆ ಮೀಟರು—” ಎಂದರು ರಂಗನಾಯಕಿ.

“ಮೀಟರು ಸುಳ್ಳು ಹೇಳಿಲ್ಲ ಡಾಕ್ಟ್ರೇ. ನೀವು ಅದನ್ನ ಅರ್ಧ ಪ್ರಶ್ನೆ ಮಾತ್ರ ಕೇಳಿದಿರಿ. ಕೆನೆ ಹಾಲಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲು ಭಾರವಾಗತ್ತೆ, ಮೀಟರು ಮೇಲಕ್ಕೆ ಏಳತ್ತೆ. ಆಮೇಲೆ ನೀರು ಹಾಕಿದರೆ ಕೆಳಕ್ಕೆ ಇಳಿಯತ್ತೆ. ಸಂಜೆಯ ಗೆರೆ ಬರೋವರೆಗೂ ನೀರು ಹಾಕ್ತಾ ಹೋದರೆ ಬೆಳಿಗ್ಗೆ ನಿಮಗೆ ಅದೇ ಗೆರೆ ಕಾಣತ್ತೆ. ಹಾಲಿನ ಅಳತೆಯೂ ಕಡಿಮೆಯಾಗಲ್ಲ. ಕಾಯಿಸಿದ ಹಾಲು ರಾತ್ರಿಯೆಲ್ಲ ಅಗಲ ಹರಿವಾಣದಲ್ಲಿ ನಿಂತರೆ ಕೆನೆ ದಪ್ಪಗೆ ಕಟ್ಟತ್ತೆ, ಕೈಯಲ್ಲಿ ಎತ್ತಬಹುದು. ಯಾರೂ ಒಳಗೆ ಬರಬಾರದು. ಅದಕ್ಕೆ ಮಡಿ. ಪೂಜೆ ಮನೆಯ ಬೀಗ ತೆಗೆಸಿ ನೋಡಿ, ಕಡೆಗೋಲಿನ ಪಕ್ಕದಲ್ಲಿ ಇನ್ನೊಂದು ಮೀಟರು ಸಿಗತ್ತೆ. ಅದಿಲ್ಲದೆ ಗೆರೆ ಇಷ್ಟು ನಿಕ್ಕಿಯಾಗಿ ಕೂಡೋದಿಲ್ಲ. ಎರಡು ಸಲವೂ ಅದೇ ಗೆರೆ ಅಂದಿರಿ ನೋಡಿ, ನನಗೆ ಮೊದಲು ಚುಚ್ಚಿದ್ದೇ ಅದು. ಕರೆದ ಬೆಚ್ಚಗಿನ ಹಾಲು, ಕಾಯಿಸಿ ತಣ್ಣಗಾದ ಹಾಲು ಮೀಟರಿಗೆ ಒಂದೇ ಅಲ್ಲ, ಸಂಜೆಗೂ ಬೆಳಿಗ್ಗೆಗೂ ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ ಬರಬೇಕು.”

ಕಮಿಟಿಯ ಹಿರಿಯರೊಬ್ಬರು ಮೂಲೆಯ ಕಂಬಕ್ಕೆ ಒರಗಿಕೊಂಡರು.

“ಸುಳಿವು ನಮ್ಮೆಲ್ಲರ ಮೂಗಿನ ಕೆಳಗಿತ್ತು,” ಎಂದರು ಏಕಾಂತಯ್ಯ. “ಜಿಡ್ಡಿಲ್ಲದ ಒಳಲೆ. ಅದನ್ನ ನೋಡಿ ಮಗುವಿಗೆ ಹಾಲೇ ಕುಡಿಸಿಲ್ಲ ಅಂದಿರಿ. ಕುಡಿಸಿದ್ದಳು. ಹಾಲಿನಲ್ಲೇ ಜಿಡ್ಡಿರಲಿಲ್ಲ. ಇದನ್ನ ಕೇಳೋಕೆ ಪೊಲೀಸು ಬೇಕಾಗಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಬೇರೆ ತಾಯಂದಿರ ಒಳಲೆ ಒಂದನ್ನಾದರೂ ಮುಟ್ಟಿ ನೋಡಿದ್ದರೆ ಸಾಕಿತ್ತು.”

ಅವರು ಪರಮಶಿವಯ್ಯನ ಕಡೆ ತಿರುಗಿದರು.

“ಹಾಲು ತೆಳ್ಳಗಿದೆ ಅಂತ ಆ ಹೆಂಗಸರು ಹೇಳಿದರು. ನೀವು ಕೇಳಲಿಲ್ಲ. ಶನಿವಾರ ನಾತ ಬರ್ತಿದೆ ಅಂತಲೂ ಹೇಳಿದರು. ಆ ಒಂದು ಮಾತು ಕೇಳಿದ್ದರೆ ಇವತ್ತು ಸಿಕ್ಕಿಬೀಳ್ತಿರಲಿಲ್ಲ, ಬೆಣ್ಣೆಯನ್ನ ಬಾವಿಗೆ ಎಸೆದು ಬರ್ತಿದ್ದಿರಿ. ನಶ್ಯ ನಿಮ್ಮ ಮೂಗು ಕೆಡಿಸಿತ್ತು. ಅವರ ಮೂಗು ಸರಿಯಾಗಿತ್ತು.”

ಪರಮಶಿವಯ್ಯ ನಿರಾಕರಿಸಲಿಲ್ಲ. ನಿರಾಕರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕೆನೆ ಮಾತ್ರ ತೆಗೆದೆ,” ಎಂದರು. “ಹಾಲು ಅವರಿಗೇ ಕೊಟ್ಟೆನಲ್ಲ. ಮನೆಗೆ ಒಂದು ತೊಟ್ಟು ಒಯ್ದಿಲ್ಲ, ಎಲ್ಲ ಬಸವಣ್ಣನಿಗೇ ಬಂತು. ಮೂರು ತಲೆಮಾರಿನ ಸೇವೆ. ಜವಳಿ ವ್ಯಾಪಾರ ಬಿದ್ದುಹೋಗಿದೆ, ಬೆಣ್ಣೆ ಬೆಲೆ ನಿಮಗೇ ಗೊತ್ತಿದೆ. ನಾನು ನಿಲ್ಲಿಸಿದ್ದರೆ ಪೇಟೆಯಲ್ಲಿ ತಲೆ ಎತ್ತಿಕೊಂಡು ತಿರುಗೋ ಹಾಗಿತ್ತಾ?”

“ಬೆಣ್ಣೆ ಕೊಳ್ಳೋಕೆ ನಿಮಗಾಗಲಿಲ್ಲ. ಹಾಲು ಕೊಳ್ಳೋಕೆ ಈಕೆಗಾಗಲಿಲ್ಲ,” ಎಂದರು ಏಕಾಂತಯ್ಯ. “ನಿಮ್ಮನ್ನ ಸೇವಾಕರ್ತರು ಅಂದರು. ಈಕೆಯನ್ನ ಕಳ್ಳಿ ಅಂದರು. ಅಂದವರಲ್ಲಿ ನೀವೇ ಮೊದಲಿಗರು.”

ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ದೊಡ್ಡ ಮನೆತನ, ಗುಡಿಯ ಮಾತು, ಹೊರಗೆ ಹೋಗದಂತೆ ನಮ್ಮ ನಮ್ಮಲ್ಲೇ ಬಗೆಹರಿಸಿಕೊಳ್ಳೋಣ ಎಂದರು. ಏಕಾಂತಯ್ಯ ಅವರಿಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಬರುವ ದಾರಿಯಲ್ಲೇ ಠಾಣೆಗೆ ಹೇಳಿ ಬಂದಿದ್ದರು. ಜವಾನರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ದ್ರೌಪದಮ್ಮ ಮೆಟ್ಟಿಲ ಕೆಳಗಿಂದಲೇ ಅರ್ಚಕರನ್ನು ಕೂಗಿದಳು. “ಅಯ್ಯನೋರೇ, ಆ ಬೆಣ್ಣೆ ನಮ್ಮ ಮಕ್ಕಳ್ದು. ಬಸವಣ್ಣನ ಮೈಮ್ಯಾಲಿಂದ ತೆಗ್ದುಬಿಡಿ. ಅವನ್ಗೂ ಬ್ಯಾಡ ಅದು.”

ವೀರಭದ್ರಯ್ಯ ಯಾರ ಮುಖವನ್ನೂ ನೋಡಲಿಲ್ಲ. ಒಂದು ಬಾಳೆಲೆ ತೆಗೆದುಕೊಂಡು ಕೆರೆಯತೊಡಗಿದರು.

*

ಮರುದಿನ ಸಂಜೆ ಹಾಲು ಅಂಗಳದಲ್ಲೇ ಹಂಚಿಕೆಯಾಯಿತು, ಕರೆದ ನೊರೆ ಆರುವ ಮುಂಚೆ. ಪೂಜೆ ಮನೆಯಲ್ಲಿ ಎರಡನೆಯ ಮೀಟರು ಸಿಕ್ಕಿತ್ತು. ಚಿಕ್ಕಮುನಿಯ ಹೆಸರು ಉಳಿದಿತ್ತು. ಐದು ದಿನದಿಂದ ಕೆಚ್ಚಲಿನ ಹಾಲು ಕುಡಿದ ಮಗುವಿಗೆ ಕೆನ್ನೆಯೇನೂ ಬಂದಿರಲಿಲ್ಲ. ದನಿ ಬಂದಿತ್ತು. ಸಾಲು ನಿಧಾನವಾಯಿತೆಂದು ಅದು ಅಂಗಳವೆಲ್ಲ ಕೇಳುವಂತೆ ಅಳುತ್ತಿತ್ತು.

“ಈರುಳ್ಳಿ ಹಾಲಿನ ರುಚಿ ಹತ್ತೈತೆ ಇವಳ್ಗೆ,” ಎಂದಳು ದ್ರೌಪದಮ್ಮ. “ಬರೀ ಹಾಲು ಬ್ಯಾಡ ಅಂತ ರಗಳೆ.” ಹೆಂಗಸರು ನಕ್ಕರು. ಅವತ್ತು ಅವಳಿಂದ ಚೊಂಬು ದೂರ ಸರಿಸಿಟ್ಟುಕೊಂಡಿದ್ದವಳೂ ನಕ್ಕಳು, ಆಮೇಲೆ ತಲೆ ತಗ್ಗಿಸಿದಳು.

ರಂಗನಾಯಕಿ ಬೆಳಿಗ್ಗೆಯೇ ಲಕ್ಕಮ್ಮನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ ಬಂದಿದ್ದರು. ಲಕ್ಕಮ್ಮ ಆಗ ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಹೋಗಿದ್ದಳು.

ಈಗ ಅವಳು ಅಂಗಳಕ್ಕೆ ಬಂದಳು. ಕೈಯಲ್ಲಿ ಚೊಂಬಿರಲಿಲ್ಲ, ಕಂಕುಳಲ್ಲಿ ಮಗುವಿರಲಿಲ್ಲ. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ, ಸೆರಗಿನ ಗಂಟು ಬಿಚ್ಚಿ ಒಂದು ಒಳಲೆಯನ್ನು ಡಾಕ್ಟರ ಮುಂದೆ ಮೇಜಿನ ಮೇಲೆ ಇಟ್ಟಳು.

“ಇದನ್ನೂ ನೋಡಿ ಡಾಕ್ಟ್ರಮ್ಮ,” ಎಂದಳು. “ಅವತ್ತು ನನ್ನದು ಕೇಳ್ಲೇ ಇಲ್ಲ ನೀವು.”